ಮೂರು ಸಲ ಕೇಳುವವರೆಗೆ

ದೋಣಿಯ ಎಂಜಿನ್ ನೋಡಿಕೊಳ್ಳುವ ಕೆಲಸ ನನ್ನದು. ಗಾಡಿಯ ಹಳೆ ಆಯಿಲ್ ಎಷ್ಟು ಹೊತ್ತು ಇಳಿಸಬೇಕು ಎಂದು ನಮ್ಮೂರು ಕಾಸರಕೋಡಿನಲ್ಲಿ ಯಾರಾದರೂ ಕೇಳಿದರೆ, ಎಂಜಿನ್ ಬಿಸಿ ಇದ್ದರೆ ಹತ್ತು ನಿಮಿಷ ಸಾಕು ಎನ್ನುತ್ತೇನೆ. ಮಗಳ ಸ್ಕೂಟರಿಗೆ ಮಾತ್ರ ನಾನು ಗಡಿಯಾರ ನೋಡಿದವನಲ್ಲ.

ಅವಳು ಹೊನ್ನಾವರದ ಬಟ್ಟೆ ಅಂಗಡಿಯೊಂದಕ್ಕೆ ಕೆಲಸಕ್ಕೆ ಹೋಗುತ್ತಿದ್ದಳು. ಆಯಿಲ್ ಬದಲಿಸುವ ದಿನ ಬೆಳಿಗ್ಗೆ ಬಂದರಿನವರೆಗೆ ಓಡಿಸಿ, ಎಂಜಿನ್ ಬಿಸಿ ಮಾಡಿ ತಂದು ಅಂಗಳದಲ್ಲಿ ನಿಲ್ಲಿಸುತ್ತಿದ್ದಳು. ನಾನು ಅಡಿಯ ಬೋಲ್ಟು ಬಿಚ್ಚಿ, ಅರ್ಧ ಕತ್ತರಿಸಿದ ಕ್ಯಾನು ಇಟ್ಟು ಕೂರುತ್ತಿದ್ದೆ. ಧಾರೆ ಜೋರಾಗಿರುವಾಗಲೇ ಜಡೆ ಹಾಕಿಕೊಳ್ಳುತ್ತ ಒಳಗಿನಿಂದ ಕೇಳುವಳು, "ಆತಾ ಅಪ್ಪ?" ಧಾರೆ ನೂಲಿನಷ್ಟಾದಾಗ ತಿಂಡಿ ತಿನ್ನುತ್ತ ಇನ್ನೊಮ್ಮೆ. ಬಿಟ್ಟು ಬಿಟ್ಟು ಹನಿ ಬೀಳುವ ಹೊತ್ತಿಗೆ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿರುತ್ತಿದ್ದಳು. "ಆತಾ? ಆ ಕಡೇ ಹನಿಯಲ್ಲಿ ಬಂಗಡೆ ಹುರೀತೀಯಾ ಎಂತ?"

ಅದು ಮೂರನೆಯ ಸಲ. ಆಗ ಬೋಲ್ಟು ಹಾಕುತ್ತಿದ್ದೆ.

ಕಳೆದ ಮಳೆಗಾಲದಲ್ಲಿ ಕಾಮಾಲೆಯಾಗಿ ಒಂಬತ್ತೇ ದಿನದಲ್ಲಿ ತೀರಿಕೊಂಡಳು. ಸ್ಕೂಟರಿಗೆ ತಾಡಪಾಲು ಹೊದಿಸಿಟ್ಟೆ.

ನನ್ನ ಹೆಂಡತಿ ಮನೆಮನೆಗೆ ಮೀನು ಮಾರುವವಳು. ಬುಟ್ಟಿ ಹತ್ತಿಸಲು ಬಸ್ಸಿನಲ್ಲಿ ದಿನವೂ ಜಗಳ, ಮೇಲೆ ಮೊಣಕಾಲು ನೋವು. ಮೊನ್ನೆ ಹೇಳಿದಳು, "ಅಲ್ಲೇ ತುಕ್ಕು ಹಿಡಿಯೋ ಬದಲು ನಾನೇ ಸ್ಕೂಟರ್ ಕಲೀತೇನೆ. ಆಯಿಲ್ ಬದಲಿಸಿ ಕೊಡಿ."

ಬೇಡ ಎನ್ನಲು ಕಾರಣವಿರಲಿಲ್ಲ. ಆ ಸೀಟಿನಲ್ಲಿ ಮಗಳಲ್ಲದೆ ಇನ್ನೊಬ್ಬರು, ಹೆತ್ತ ತಾಯಿಯೇ ಆದರೂ, ಕೂರುವುದನ್ನು ನೋಡಲಾರೆ ಎಂದು ಅವಳೆದುರು ಹೇಗೆ ಹೇಳಲಿ?

ಭಾನುವಾರ ತಾಡಪಾಲು ತೆಗೆದೆ. ನಾಲ್ಕು ಕಿಕ್ ಹೊಡೆದಿದ್ದರೆ ಹತ್ತುತ್ತಿತ್ತೇನೋ. ಹೊಡೆಯಲಿಲ್ಲ. ತಣ್ಣಗಿನ ಎಂಜಿನ್ನಿನ ಬೋಲ್ಟನ್ನೇ ಬಿಚ್ಚಿದೆ. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಬೈಯುತ್ತಿದ್ದೆ. ಆಯಿಲ್ ಜೋನಿಬೆಲ್ಲದ ಹಾಗೆ ದಪ್ಪಗೆ, ನಿಧಾನಕ್ಕೆ ಇಳಿಯಿತು. ನನಗೂ ಅದೇ ಬೇಕಾಗಿತ್ತು.

ತೆಂಗಿನ ಬುಡದಲ್ಲಿದ್ದ ಬಿಸಿಲು ಬಾವಿಕಟ್ಟೆಗೆ ಬಂತು. ಆಯಿಲ್ ನಿಂತಿತು ಎಂದುಕೊಂಡಾಗ ಇನ್ನೊಂದು ಹನಿ ಕೂಡಿಕೊಳ್ಳುತ್ತಿತ್ತು. ಒಳಗಿನಿಂದ ಯಾರೂ ಏನೂ ಕೇಳಲಿಲ್ಲ. ಬೋಲ್ಟು ನನ್ನ ಮುಷ್ಟಿಯಲ್ಲೇ ಬೆಚ್ಚಗಾಗಿತ್ತು.

ಹೆಂಡತಿ ಹೊರಗೆ ಬಂದು ಎಂಜಿನ್ನಿಗೆ ಅಂಗೈ ಇಟ್ಟು ನೋಡಿದಳು.

"ಬಿಸಿ ಮಾಡದೇ ಬಿಚ್ಚಿದ್ರಾ?"

ಅವಳು ಪಕ್ಕದಲ್ಲಿ ಕುಳಿತಳು. ಒಂದು ಹನಿ ಬಿತ್ತು. ಮುಂದಿನದಕ್ಕೆ ಇಬ್ಬರೂ ಕಾದೆವು. ಇಷ್ಟು ವರ್ಷ ಅಡುಗೆಮನೆಯಲ್ಲಿದ್ದುಕೊಂಡೇ ಮಗಳು ಕೇಳುವುದನ್ನೆಲ್ಲ ಕೇಳಿಸಿಕೊಂಡವಳು ಅವಳು. ಆದರೂ 'ಆತಾ' ಎಂದು ತಾನು ಕೇಳಲಿಲ್ಲ. ಹೊಸ ಆಯಿಲಿನ ಬಾಟಲಿಯ ಮುಚ್ಚಳ ತಿರುಪಿ ತೆಗೆದು, ಕೈಯಲ್ಲಿ ಹಿಡಿದುಕೊಂಡು ಕೂತಳು.

ಕಡೆಗೆ ನಾನೇ ಬೋಲ್ಟು ಹಾಕಿದೆ. ಆಗಲೂ ಒಂದು ಹನಿ ಬಾಕಿಯಿತ್ತು, ಬೆರಳಿಗೆ ಹತ್ತಿತು.