ಕರಡಿಗೆ ಬಿಚ್ಚಿಟ್ಟು ವಿಯೆನ್ನಾಕ್ಕೆ

ನಮ್ಮ ಅತ್ತೆಗೆ ಕಾಶಿ ತಪ್ಪಿಸಿದವಳು ನಾನು. ದೇವರಲ್ಲ, ಅವಳ ಮೊಣಕಾಲೂ ಅಲ್ಲ. ಒಂದು ಕಪ್ಪು ಸ್ವೆಟರು ನನ್ನ ಮೈಮೇಲೆ ಚಂದ ಕೂರಬೇಕೆಂದು ನಾನೊಂದು ಸುಳ್ಳು ಹೇಳಿದೆ, ಅಷ್ಟೇ. ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ನಾನು ಲಿಂಗಸುಗೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳುತ್ತೇನೆ. ಮನೆ ಸಿಂಧನೂರಿನಲ್ಲಿ. ದಿನಾ ಮಸ್ಕಿ ಮೇಲೆ ಬಸ್ಸು. ಕಾಲುವೆ ನೀರು ಕುಡಿದೂ ಕುಡಿದೂ ಉಪ್ಪೇರಿ ಸವಳಾದ ನೆಲದ ಬಗ್ಗೆ ನನಗೊಂದು ಹುಚ್ಚು. ದಢೇಸುಗೂರು, ಮುಕ್ಕುಂದದ ಗದ್ದೆಗಳಿಂದ ಮಣ್ಣು ತಂದು ವರ್ಷಗಟ್ಟಲೆ ಪರೀಕ್ಷೆ ಮಾಡಿದೆ. ಅದರ ಮೇಲೆ ಬರೆದ ಪ್ರಬಂಧಕ್ಕೆ ವಿಯೆನ್ನಾದಿಂದ ಕರೆ ಬಂತು. ಅಕ್ಟೋಬರಿನಲ್ಲಿ ಐದು ದಿನದ ವಿಚಾರಸಂಕಿರಣ. ಸ್ಟಾಫ್ ರೂಮಿನಲ್ಲಿ ಒಬ್ಬರು, "ಮೇಡಮ್ಮೋರು ಸವಳು ಮಣ್ಣು ಮಾರಿ ವಿಮಾನ ಹತ್ತಾಕತ್ತಾರ ನೋಡ್ರಿ" ಎಂದು ನಗಾಡಿದರು. ನನಗೂ ನೆಲ ಕಾಣದಷ್ಟು ಹಿಗ್ಗು.

ಅದೇ ಹೊತ್ತಿಗೆ ಅತ್ತೆಯೂ ವಿಮಾನ ಹತ್ತುವವಳಿದ್ದಳು. ನಮ್ಮ ಓಣಿಯ ಹೆಂಗಸರ ತಂಡ ಕಾರ್ತೀಕಕ್ಕೆ ಕಾಶಿಗೆ ಹೊರಟಿತ್ತು, ಹೈದರಾಬಾದಿನಿಂದ. ಕಾಶಿ ಅತ್ತೆಗೆ ಬಹಳ ವರ್ಷದ ಆಸೆ. ರೈಲಿನಲ್ಲಿ ಎರಡು ದಿನ ಕೂರಲು ಅವಳ ಮೊಣಕಾಲು ಕೇಳುತ್ತಿರಲಿಲ್ಲ. ವಿಮಾನ ಅಂದಾಗ ಸಣ್ಣ ಹುಡುಗಿಯ ಹಾಗೆ ಕುಣಿದಾಡಿದಳು. ಗಂಗೆ ತರಲೆಂದು ಮುಚ್ಚಳದ ತಾಮ್ರದ ಬಿಂದಿಗೆ ಕೊಂಡು, ದಿನಾ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು.

ನನ್ನದು ಬಟ್ಟೆಯ ಚಿಂತೆ. ಅಕ್ಟೋಬರಿನಲ್ಲೂ ಬೆವರು ಸುರಿಯುವ ನಮ್ಮೂರ ಕಡೆ ಬೆಚ್ಚನೆಯ ಬಟ್ಟೆ ಎಲ್ಲಿ ಸಿಗಬೇಕು? ಮಸ್ಕಿಯಲ್ಲಿ ಬಸ್ಸು ಇಳಿದು ಒಂದು ಅಂಗಡಿಯಲ್ಲಿ ಕೇಳಿದರೆ, "ಸ್ವೆಟರೇನ್ರಿ? ಕೂಸು ಎಷ್ಟು ತಿಂಗಳದ್ದು?" ಅಂದ ಅಂಗಡಿಯವ. ನನಗೇ ಬೇಕು ಅಂದಾಗ ಮೇಲಿಂದ ಕೆಳಗೆ ನೋಡಿದ. ಕಡೆಗೆ ಎಲ್ಲ ಆನ್‌ಲೈನಿನಲ್ಲಿ ತರಿಸಿದೆ: ಮೈಗಂಟುವ ಥರ್ಮಲ್, ಕುತ್ತಿಗೆ ಮುಚ್ಚುವ ಕಪ್ಪು ಸ್ವೆಟರು, ಮೊಣಕಾಲು ದಾಟುವ ಕೋಟು, ಪ್ಯಾಂಟು, ಬೂಟು.

ಒಂದು ಭಾನುವಾರ ಮಧ್ಯಾಹ್ನ ಬಾಗಿಲು ಮುಂದೆ ಮಾಡಿ, ಫ್ಯಾನು ಜೋರು ಮಾಡಿ, ಎಲ್ಲವನ್ನೂ ಹಾಕಿಕೊಂಡು ಅಲ್ಮಾರದ ಕನ್ನಡಿ ಮುಂದೆ ನಿಂತೆ. ಬೆನ್ನಲ್ಲಿ ಬೆವರಿನ ಕಾಲುವೆ. ಆದರೂ ಅಬ್ಬಾ, ನಾನೇ ನನಗೆ ಗುರುತು ಸಿಗಲಿಲ್ಲ! ಕೋಟು ತೆಗೆದೆ. ಆಗ ಕಂಡಿತು. ಸ್ವೆಟರಿನ ನಟ್ಟನಡುವೆ, ಎದೆಯ ಮೇಲೆ, ನಿಂಬೆಹಣ್ಣು ಬಚ್ಚಿಟ್ಟ ಹಾಗೆ ಒಂದು ಉಬ್ಬು. ಇಷ್ಟಲಿಂಗದ ಬೆಳ್ಳಿ ಕರಡಿಗೆ.

ನಮ್ಮ ಮನೆಯಲ್ಲಿ ಎಲ್ಲರ ಕೊರಳಲ್ಲೂ ಲಿಂಗವಿದೆ. ಉಸಿರಿರುವ ತನಕ ಅದು ಮೈಯಿಂದ ಅಗಲಬಾರದು ಎನ್ನುವುದು ಅತ್ತೆಯ ನೇಮ, ನನ್ನ ತವರಿನದೂ ಅದೇ. ಸೀರೆಯ ಸೆರಗಿನಡಿ ಇಷ್ಟು ವರ್ಷ ಅದು ಇದೆ ಎನ್ನುವುದೇ ನನಗೆ ಮರೆತುಹೋಗಿತ್ತು. ಈಗ ಪಕ್ಕಕ್ಕೆ ಸರಿಸಿದೆ, ಗಡ್ಡೆಯ ಹಾಗೆ ಕಂಡಿತು. ಹೊಟ್ಟೆಗಿಳಿಸಿದೆ, ಇನ್ನೂ ಕೆಟ್ಟದಾಗಿ ಕಂಡಿತು. ವಿಯೆನ್ನಾದ ಸಭೆಯಲ್ಲಿ ಎಲ್ಲರೂ ನನ್ನ ಮಣ್ಣು ಬಿಟ್ಟು ಇದನ್ನೇ ನೋಡುತ್ತಾರೆ ಅನ್ನಿಸಿತು. ಯಾರಾದರೂ ಕೇಳಿದರೆ ಹೇಳಲು ಬರುವುದಿಲ್ಲ ಅಂತಲ್ಲ. ಸವಳಿನ ಬಗ್ಗೆ ಇಂಗ್ಲಿಷಿನಲ್ಲಿ ಅರ್ಧ ತಾಸು ಮಾತಾಡುವವಳು ಲಿಂಗದ ಬಗ್ಗೆ ಎರಡು ಮಾತು ಹೇಳಲಾರೆನೇ? ನನಗೆ ಅದು ಕಾಣುವುದೇ ನಾಚಿಕೆಯಾಗಿತ್ತು, ಇದ್ದದ್ದು ಇದ್ದ ಹಾಗೆ ಹೇಳಬೇಕೆಂದರೆ.

ಅಷ್ಟರಲ್ಲಿ ಅತ್ತೆ ಬಾಗಿಲು ತಳ್ಳಿ ಬಂದಳು. "ಯವ್ವಾ, ಇದೇನಬೇ! ದೊರಸಾನಿ ಆಗಿಬಿಟ್ಟೀಯಲ್ಲ!" ಎಂದು ನಕ್ಕಳು. ಪ್ಯಾಂಟು ನೋಡಿಯೂ ಒಂದು ಕೊಂಕು ಅನ್ನಲಿಲ್ಲ. "ಇರಲಿ, ದೇಶಕ್ಕ ತಕ್ಕ ವೇಷ" ಅಂದಳು. ಆಮೇಲೆ ನನ್ನ ಕೈ ಎದೆ ಮೇಲಿದ್ದದ್ದು ಕಂಡು, "ಯಾಕ, ಲಿಂಗ ಒತ್ತಾಕತ್ತೈತೇನು?" ಎಂದು ಕೇಳಿದಳು.

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ನಾನು, "ಇದನ್ನ ಇಲ್ಲೇ ಬಿಟ್ಟು ಹೋಗಬೇಕಾಗೈತ್ರಿ ಅತ್ತಿ. ಏರ್‌ಪೋರ್ಟಿನ್ಯಾಗ ಬಿಡೂದಿಲ್ಲ. ಬೆಳ್ಳಿ ನೋಡ್ರಿ, ಮಷೀನು ಕೂಗತೈತಿ. ಬಿಚ್ಚಿಸಿ ಟ್ರೇದಾಗ ಹಾಕಸ್ತಾರ" ಅಂದೆ.

"ಟ್ರೇ ಅಂದ್ರ?"

"ಪ್ಲಾಸ್ಟಿಕ್ಕಿನ ಪರಾತರೀ. ಎಲ್ಲಾರ ಬೂಟು, ಬೆಲ್ಟು ಹಾಕ್ತಾರಲ್ಲ, ಅದಾ."

ನಾಲಿಗೆಗೆ ಎಲುಬಿಲ್ಲ. ಬೂಟಿನ ಮಾತು ಬೇಕಾಗಿಯೇ ಇರಲಿಲ್ಲ, ಸುಳ್ಳಿಗೆ ಸ್ವಲ್ಪ ಗಟ್ಟಿತನ ಬರಲೆಂದು ಸೇರಿಸಿದೆ. ಅತ್ತೆ ಮಂಚದ ತುದಿಗೆ ಕೂತುಬಿಟ್ಟಳು. ನಗುತ್ತಿದ್ದ ಮುಖ ಸಣ್ಣದಾಯಿತು.

"ಕೆರ ಇಟ್ಟಲ್ಲಿ ಲಿಂಗನಾ? ಎಲ್ಲಾ ವಿಮಾನಕ್ಕೂ ಹಿಂಗಾ ಏನು?"

ಅವಳು ಏನು ಕೇಳುತ್ತಿದ್ದಾಳೆಂದು ನನಗೆ ಆ ಕ್ಷಣವೇ ತಿಳಿಯಿತು. ಕಾಶಿಯ ವಿಮಾನಕ್ಕೆ ಇಲ್ಲ ಅಂದರೆ, ನಾವಿಬ್ಬರೂ ಹತ್ತುವುದು ಅದೇ ಹೈದರಾಬಾದಿನಲ್ಲಿ ತಾನೇ, ನನಗೊಂದು ಕಾಯ್ದೆ ನಿನಗೊಂದು ಕಾಯ್ದೆಯೇ ಎಂದು ಕೇಳಿದರೆ ಎಂಬ ಭಯ. "ಎಲ್ಲಾ ಕಡೆ ಅದಾ ರೀ" ಅಂದುಬಿಟ್ಟೆ.

ಮರುದಿನ ಬೆಳಿಗ್ಗೆ ಅತ್ತೆ ಯಾತ್ರೆಯವರಿಗೆ ಹೇಳಿಕಳಿಸಿ ತನ್ನ ಹೆಸರು ತೆಗೆಸಿದಳು. ನನ್ನ ಗಂಡ, "ಅಂಥಾ ಕಾಯ್ದೆ ಖರೇನಾ ಐತೇನು?" ಎಂದು ನನ್ನನ್ನು ಕೇಳಿದರು. "ವಿಮಾನ ಹತ್ತಾಕಿ ನಾನೋ ನೀವೋ?" ಎಂದು ಅವರ ಬಾಯಿ ಮುಚ್ಚಿಸಿದೆ. ತಪ್ಪು ಮಾಡಿದಾಗ ನನ್ನ ದನಿ ಯಾವಾಗಲೂ ಒಂದು ಗೇಣು ಮೇಲೆ.

ತಂಡದಲ್ಲಿದ್ದ ಎದುರುಮನೆ ಅಜ್ಜಿ ಮಾತ್ರ ಜಗ್ಗಲಿಲ್ಲ. ನಮ್ಮ ಕಟ್ಟೆಗೆ ಬಂದು ಸೊಂಟಕ್ಕೆ ಕೈಯಿಟ್ಟು, "ನಾ ಬಿಚ್ಚಾಕಿ ಅಲ್ಲ. ಅದ್ಯಾವ ಪೊಲೀಸ ಬಿಚ್ಚಸ್ತಾನೋ ನೋಡೇ ಬಿಡ್ತೀನಿ. ನೀನೂ ಬಾರಬೇ ನನ್ನ ಜೋಡಿ" ಎಂದಳು.

"ನನಗ ಜಗಳ ಮಾಡಾಕ ಬರೂದಿಲ್ಲ. ಬೂಟಿನ ಜೋಡಿ ಇಟ್ಟರ ನಾ ಅಲ್ಲೇ ಸಾಯ್ತೀನಿ. ಹೋಗಿ ಬಾ, ನನ್ನ ಹೆಸರಿಲೆ ಒಂದು ಮುಳುಗು ಹಾಕು" ಅಂದಳು ಅತ್ತೆ. ಆಮೇಲೆ ಒಳಗೆ ಹೋಗಿ ತಾಮ್ರದ ಬಿಂದಿಗೆಗೆ ಕುಡಿಯುವ ನೀರು ತುಂಬಿಟ್ಟಳು. ಆ ನೀರು ನಾನು ಕುಡಿಯಲಿಲ್ಲ, ಫಿಲ್ಟರಿನದೇ ರುಚಿ ಎಂದು ನೆವ ಹೇಳಿದೆ.

ಹೊರಡುವ ದಿನ ಅವಳು ತಲೆಗೆ ನೀರು ಹಾಕಿಕೊಂಡು ಬಂದು ನನ್ನ ಲಿಂಗವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಹೊಸ ಬಿಳಿ ಬಟ್ಟೆಯಲ್ಲಿ ಸುತ್ತಿ ದೇವರ ಜಗುಲಿಯ ಮೇಲಿಟ್ಟಳು. "ನೀ ಬರೋತನ ಎರಡೂ ಹೊತ್ತು ನಾನಾ ಪೂಜಿ ಮಾಡ್ತೀನಿ. ನೀ ಏನೂ ಫಿಕರ್ ಮಾಡಬ್ಯಾಡ. ಕಾಯ್ದೆ ಮುಂದ ನಾವೇನು ಮಾಡೂದೈತಿ" ಎಂದು ನನಗೇ ಸಮಾಧಾನ ಹೇಳಿದಳು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಕಟ್ಟಿ ನನ್ನ ಸೂಟ್‌ಕೇಸಿನ ಮೂಲೆ ಮೂಲೆಗೂ ತುರುಕಿದಳು. ಆ ಕಪ್ಪು ಸ್ವೆಟರನ್ನೂ ಅವಳೇ ಮಡಚಿ ಇಟ್ಟಳು, "ಎಷ್ಟು ಮೆತ್ತಗೈತಿಬೇ" ಎನ್ನುತ್ತ.

ಹೈದರಾಬಾದಿನ ಏರ್‌ಪೋರ್ಟಿನಲ್ಲಿ ತಪಾಸಣೆಯ ಹುಡುಗಿ ನನ್ನ ಮೈಮೇಲೆ ಕೋಲು ಆಡಿಸಿದಳು. ತಾಳಿಗೂ ಬಳೆಗೂ ಕುಂಯ್ ಅಂತು. ಅವಳು ಒಂದನ್ನೂ ಬಿಚ್ಚು ಅನ್ನಲಿಲ್ಲ. ಕೊರಳಲ್ಲಿ ದೇವರದೇನಾದರೂ ಇದ್ದರೆ ಬಿಚ್ಚಬೇಕೇ ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿಯೇಬಿಟ್ಟೆ. "ರಹನೇ ದೋ ಆಂಟಿ, ಆಗೇ ಚಲೋ" ಎಂದು, ಇರಲಿ ಬಿಡು ಎಂಬಂತೆ ಕೈಯಾಡಿಸಿ, ಮುಂದೆ ತಳ್ಳಿದಳು.

ಕಾಶಿ ತಂಡಕ್ಕೆ ಹೆಸರು ಸೇರಿಸಲು ಇನ್ನೂ ಎರಡು ದಿನವಿತ್ತು. ಬೆಂಚಿನ ಮೇಲೆ ಕೂತು ಮನೆಗೆ ಫೋನು ಹಚ್ಚಿದೆ. ಅತ್ತೆಯೇ ಎತ್ತಿದಳು. "ಉಂಡೇನು? ನಿನ್ನ ಲಿಂಗದ ಪೂಜಿ ಈಗ ಮುಗಿಸಿನ್ಯವ್ವಾ, ಕಣಗಿಲ ಹೂವು ಏರಿಸೀನಿ. ಬಿಚ್ಚಿಟ್ಟು ಹೋದೆ ಅಂತ ಮನಸಿಗೆ ಹಚ್ಚಿಕೋಬ್ಯಾಡ" ಅಂದಳು. ಬಾಯಿಗೆ ಬಂದದ್ದನ್ನು ನುಂಗಿ, "ಹೂಂ ರೀ, ಬೋರ್ಡಿಂಗ್ ಕರದ್ರು, ಇಡ್ತೀನಿ" ಅಂದೆ. ಬೋರ್ಡಿಂಗಿಗೆ ಇನ್ನೂ ಒಂದೂವರೆ ತಾಸಿತ್ತು.

ವಿಯೆನ್ನಾದಲ್ಲಿ ಎಲ್ಲ ಮರಗಳೂ ಹಳದಿಯಾಗಿದ್ದವು. ಸಭಾಂಗಣ ಬೆಚ್ಚಗಿತ್ತು, ಕೋಟು ತೆಗೆದು ಸ್ವೆಟರಿನಲ್ಲೇ ಮಾತಾಡಿದೆ. ಯಾರೂ ನನ್ನ ಎದೆ ನೋಡಲಿಲ್ಲ. ನೋಡಿದ್ದು ಪರದೆಯ ಮೇಲಿನ ದಢೇಸುಗೂರಿನ ಮಣ್ಣನ್ನು. ಎರಡನೆಯ ಸಾಲಿನಲ್ಲಿ ಒಬ್ಬಾಕೆ ಅಂಗಿಯ ಮೇಲೆ ಅಂಗೈಯಗಲದ ಶಿಲುಬೆ ತೂಗಿಬಿಟ್ಟುಕೊಂಡು ಆರಾಮಾಗಿ ಕೂತಿದ್ದಳು. ನನ್ನ ಕೈ ಮಾತ್ರ ಮತ್ತೆ ಮತ್ತೆ ಎದೆಗೆ ಹೋಗಿ, ಅಲ್ಲಿ ಏನೂ ಸಿಗದೆ ಮರಳುತ್ತಿತ್ತು. ಜನ ಚಪ್ಪಾಳೆ ತಟ್ಟಿದರು, ನನಗೆ ಹಿಗ್ಗು ಬರಲಿಲ್ಲ.

ನಾನು ಊರಿಗೆ ಬಂದ ಕೆಲವೇ ದಿನಕ್ಕೆ ಎದುರುಮನೆ ಅಜ್ಜಿ ಕಾಶಿಯಿಂದ ಬಂದಳು. ಗಂಗೆಯ ಗಿಂಡಿ ಹಿಡಿದು ನೇರ ನಮ್ಮ ಕಟ್ಟೆಗೇ. ನಾನೂ ಅಲ್ಲೇ ಕಾಯಿಪಲ್ಲೆ ಸೋಸುತ್ತಿದ್ದೆ. "ನಿನ್ನ ಸೊಸಿ ಏನು ಹೇಳಿದ್ಲೋ ತಾಯಿ!" ಎಂದು ಶುರು ಮಾಡಿದಳು. "ಒಂದು ಹುಡಿಗಿ ಕೋಲು ಆಡಿಸಿದ್ಲು. ಕುಂಯ್ ಅಂತು. ಏನಿದು ಅಂದ್ಲು, ಭಗವಾನ್ ಅಂದೆ. ಜಾವೋ ಅಮ್ಮಾ ಅಂದ್ಲು. ಅಷ್ಟಾ! ನಾ ಜಗಳಕ್ಕ ತಯಾರಾಗಿ ಹೋಗಿದ್ದೆ, ಅದೂ ಸಿಗಲಿಲ್ಲ."

ನಾನು ಸೊಪ್ಪಿನಿಂದ ತಲೆ ಎತ್ತಲಿಲ್ಲ. ಅತ್ತೆ ನನ್ನನ್ನು ನೋಡುತ್ತಿದ್ದಾಳೆಂದು ನೋಡದೆಯೇ ಗೊತ್ತಾಯಿತು.

"ಆಕಿ ಹೋಗಿದ್ದು ಫಾರಿನ್ನಿಗೆ. ಅಲ್ಲೀ ಕಾಯ್ದೆನಾ ಬ್ಯಾರೆ. ಆಕಿ ಬರೋಬ್ಬರಿ ಹೇಳಿದ್ಲು, ನಾನಾ ತಪ್ಪು ತಿಳಕೊಂಡೆ" ಅಂದಳು ಅತ್ತೆ. ಅವಳು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅಜ್ಜಿ ಹೋದ ಮೇಲೆ ಅಡಿಗೆಮನೆಗೆ ಹೋದೆ. ಅತ್ತೆ ಹಿಟ್ಟು ಜರಡಿ ಹಿಡಿಯುತ್ತಿದ್ದಳು.

"ನಾ ಸುಳ್ಳು ಹೇಳಿದ್ನಿರಿ."

"ಗೊತ್ತಾತು. ಯಾಕ ಹೇಳಿದಿ?"

"ಸ್ವೆಟರಿನ್ಯಾಗ ಉಬ್ಬಿ ಕಾಣತಿತ್ತು."

ಬೈಯಲಿ ಎಂದು ಕಾದೆ. ಹೊಡೆದಿದ್ದರೂ ನಡೆಯುತ್ತಿತ್ತು. ಅವಳು ಜರಡಿಯನ್ನು ಪರಾತದ ಮೇಲಿಟ್ಟಳು. ಆಮೇಲೆ, "ಫೋಟೋ ತಗಸಿದ್ದೇನು? ತೋರಸು" ಅಂದಳು.

ಫೋನು ಕೊಟ್ಟೆ. ಹಳದಿ ಮರದ ಕೆಳಗೆ, ಕೋಟಿನ ಗುಂಡಿ ಬಿಚ್ಚಿ, ಕಪ್ಪು ಸ್ವೆಟರಿನಲ್ಲಿ ನಗುತ್ತ ನಿಂತಿದ್ದೆ. ಅತ್ತೆ ಸೆರಗಿಗೆ ಕೈಯೊರಸಿಕೊಂಡು, ಚಾಳೀಸು ಇಲ್ಲದ್ದಕ್ಕೆ ಫೋನನ್ನು ದೂರ ಹಿಡಿದು, ಬಹಳ ಹೊತ್ತು ನೋಡಿದಳು.

"ಚಂದ ಕಾಣತೀಬೇ" ಅಂದಳು. "ಮೈಗೆ ಬರೋಬ್ಬರಿ ಕೂತೈತಿ."

ಕೊಂಕಿರಲಿಲ್ಲ ದನಿಯಲ್ಲಿ, ನಾನು ಹುಡುಕಿದೆ. ಅವಳೊಂದು ಮಾತು ಅಂದಿದ್ದರೆ ನಾನೂ ಒಂದು ಅನ್ನುತ್ತಿದ್ದೆ, ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. ಅವಳು ಫೋನು ನನ್ನ ಕೈಗಿಟ್ಟು ಮತ್ತೆ ಹಿಟ್ಟಿನ ಕಡೆ ತಿರುಗಿದಳು.