ಹದಿನಾಲ್ಕು ಗಂಡುಮಕ್ಕಳ ಫೋಟೊದಮ್ಮ

ಸೂರ್ಯ ಇನ್ನೂ ಪ್ಸಿಲೊರಿತಿಸ್ ಬೆಟ್ಟದ ಆಚೆಗೇ ಇದ್ದಾನೆ. ಪ್ರಿನಾರಿ ಊರಿನ ಮೇಲಿರುವ ಕುರಿರೊಪ್ಪದ ಕಲ್ಲುಗೋಡೆಯ ಮೇಲೆ ಗರಿಫಾಲಿಯಾ ಸ್ಪಿಥಾಕಿ ಒಂದು ಕಾಲು ಆಚೆ, ಒಂದು ಕಾಲು ಈಚೆ ಇಳಿಬಿಟ್ಟು ಕೂತಿದ್ದಾರೆ. ಕುತ್ತಿಗೆಯಲ್ಲಿ ಎರಡು ಕ್ಯಾಮೆರಾ. ಕೆಳಗೆ ನಾನೂರು ಕುರಿ, ಇಪ್ಪತ್ತು ಗಂಡಸರು, ಇಪ್ಪತ್ತು ಕತ್ತರಿ. ವರ್ಷಕ್ಕೊಮ್ಮೆ ತುಪ್ಪಟ ಕತ್ತರಿಸುವ ದಿನ ಇದು. ಕ್ಯಾಮೆರಾ ತಮ್ಮ ಕಡೆ ತಿರುಗಿತೋ ಇಲ್ಲವೋ, ಕರಿ ಅಂಗಿಯ ಗಂಡಸರೆಲ್ಲ ಕತ್ತರಿ ಕೆಳಗಿಟ್ಟು ಮೀಸೆಗೆ ಕೈ ಹಾಕುತ್ತಾರೆ.

"ಮೀಸೆ ಬಿಡ್ರೋ, ಕುರಿ ಹಿಡ್ಕೊಳ್ರೋ!" ಎಂದು ಗರಿಫಾಲಿಯಾ ಗೋಡೆಯ ಮೇಲಿಂದಲೇ ಗದರುತ್ತಾರೆ. "ಮೀಸೆ ಫೋಟೊ ನನ್ನ ಹತ್ರ ಮೂವತ್ತು ವರ್ಷದ್ದಿದೆ. ಕೆಲಸ ಮಾಡೋ ಫೋಟೊ ಒಂದೂ ಇಲ್ಲ."

ಈ ಕೆಲಸಕ್ಕೆ ಅವರನ್ನು ಯಾರೂ ಕರೆದಿಲ್ಲ, ಯಾರೂ ಕೂಲಿ ಕೊಡುವುದೂ ಇಲ್ಲ. ಆದರೂ ಪೇರಮಾ ಪೇಟೆಯಲ್ಲಿರುವ ತಮ್ಮ ಅಂಗಡಿಯಿಂದ ನಾಲ್ಕೂವರೆಗೆ ಹೊರಟು, ಕಡಿದಾದ ಮಣ್ಣುದಾರಿ ಹತ್ತಿ ಬಂದಿದ್ದಾರೆ. ವಾರ ಕಳೆದ ಮೇಲೆ ಈ ಫೋಟೊಗಳು ಕಾಫಿ ಅಂಗಡಿಯ ಗೋಡೆಗೆ ಬೀಳುತ್ತವೆ. ಗೋಡೆ ನೋಡಿದವರ ಮನೆಯಲ್ಲಿ ಮದುವೆ ಗೊತ್ತಾದಾಗ ಅವರ ಬಾಯಿಗೆ ಇವರ ಹೆಸರು ಬರಬೇಕು. ಮೇಲಿನ ಊರುಗಳಲ್ಲಿ ಫೋಟೊದ ಕೆಲಸ ಹುಟ್ಟುವುದೇ ಹೀಗೆ. ಅಂಗಡಿ ಬಾಗಿಲು ತೆರೆದು ಕೂತರೆ ಬರುವುದು ಗುರುತಿನ ಚೀಟಿಯ ಫೋಟೊ ಮಾತ್ರ, ಅದೂ ಈಗ ಅಪರೂಪ.

"ಕ್ಯಾಮೆರಾ ಹಿಡಿಯೋದು ಈ ಕೆಲಸದಲ್ಲಿ ಚಿಟಿಕೆಯಷ್ಟು," ಎನ್ನುತ್ತಾರೆ. "ಮಿಕ್ಕಿದ್ದೆಲ್ಲ ಕೂತು ಕಾಫಿ ಕುಡಿಯೋದು. ಯಾರೂ ನೇರವಾಗಿ 'ಮದುವೆಗೆ ಬಾ' ಅನ್ನಲ್ಲ. 'ಈ ಕಡೆ ಬಂದಾಗ ಒಂದು ಕಾಫಿಗೆ ಬಾ' ಅಂತಾರೆ. ಹೋದ್ರೆ ಕಾಫಿ, ಆಮೇಲೆ ಒಂದು ಲೋಟ ಸಾರಾಯಿ, ಆಮೇಲೆ ಅಜ್ಜಿಯ ಮಂಡಿನೋವಿನ ಕತೆ. ಮೂರನೇ ಭೇಟಿಗೆ ಮದುವೆ ತಾರೀಕು ಗೊತ್ತಾಗುತ್ತೆ. ನಾಲ್ಕನೇ ಸಲ ಹೋದ್ರೆ, ಹುಡುಗನ ದೊಡ್ಡಪ್ಪ ಹೊಸ ಫೋನ್ ತಗೊಂಡಿದಾನೆ, ಅವನೇ ತೆಗೀತಾನಂತೆ ಅಂತಾರೆ!"

ಗರಿಫಾಲಿಯಾಗೆ ಈಗ ಐವತ್ತನಾಲ್ಕು. ಅಂಗಡಿ ಅಪ್ಪನದು. ಸೇನೆಗೆ ಹೋಗುವ ಹುಡುಗರೆಲ್ಲ ಹೊರಡುವ ಮುನ್ನ ಅಲ್ಲಿ ಬಂದು ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದದ್ದು ಹಳಬರಿಗೆ ನೆನಪಿದೆ. ಹಿಂದಿನ ಪರದೆಯ ಮೇಲೆ ಹಂಸವೊಂದರ ಚಿತ್ರವಿತ್ತು. ಅಪ್ಪ ತೀರಿಕೊಂಡಾಗ ಮಗಳಿಗೆ ಇಪ್ಪತ್ತಾರು. ಹೆಂಗಸು ಕ್ಯಾಮೆರಾ ಹೊತ್ತು ಮದುವೆ ಮನೆಯ ಗಂಡಸರ ನಡುವೆ ನುಗ್ಗುವುದು ಉಂಟೆ, ಅಲ್ಲಿ ಗುಂಡು ಹಾರಿಸುತ್ತಾರೆ, ಕುಡಿದಿರುತ್ತಾರೆ ಎಂದು ಜನ ತಲೆಯಾಡಿಸಿದರು. ಎರಡು ವರ್ಷ ಒಂದೇ ಒಂದು ಮದುವೆಯ ಕೆಲಸವೂ ಬರಲಿಲ್ಲ.

ಆಮೇಲೆ ಒಂದು ದಿನ, ಮೇಲಿನೂರೊಂದರಲ್ಲಿ ಗಂಡುಮಗುವಿನ ಜ್ಞಾನಸ್ನಾನ. ಮಗುವಿಗೆ ಎಣ್ಣೆ ಹಚ್ಚಿ ಹೆಸರಿಡುವ ಜ್ಞಾನತಂದೆ ಆಗಬೇಕಿದ್ದವನ ಟ್ರಕ್ಕು ಹಳ್ಳಕ್ಕೆ ಇಳಿದು ಕಾಲು ಮುರಿದಿತ್ತು. ನೀರು ಕಾದಿದೆ, ಮಗು ಬಟ್ಟೆ ಬಿಚ್ಚಿಸಿಕೊಂಡು ಅಳುತ್ತಿದೆ. ಪಾದ್ರಿಗಳು ಸುತ್ತ ನೋಡಿದರು. ಕಣ್ಣು ಮೂಲೆಯಲ್ಲಿದ್ದ ಫೋಟೊದವಳ ಮೇಲೆ ನಿಂತಿತು. "ಆ ಡಬ್ಬ ಕೆಳಗಿಟ್ಟು ಬಾ ಇಲ್ಲಿ," ಎಂದರು. ಗರಿಫಾಲಿಯಾ ಬಂದರು. ಮಗುವಿನ ಮೈಗೆಲ್ಲ ಎಣ್ಣೆ ಸವರಿ, ಹೆಸರಿಟ್ಟು, ಬಟ್ಟೆ ತೊಡಿಸಿದರು. ಸಂಜೆಯ ಹೊತ್ತಿಗೆ ಆ ಊರಿಗೆಲ್ಲ ಅವರು 'ಸಿಂತೆಕ್ನಿ' ಆಗಿದ್ದರು. ಜ್ಞಾನತಾಯಿಯನ್ನು ಮಗುವಿನ ಹೆತ್ತವರು ಹಾಗೆ ಕರೆಯುತ್ತಾರೆ. ಇಲ್ಲಿ ರಕ್ತಸಂಬಂಧಕ್ಕಿಂತ ಒಂದು ತೂಕ ಹೆಚ್ಚಿನ ನೆಂಟಸ್ತನ ಅದು. ಸಿಂತೆಕ್ನಿಯನ್ನು ಬಿಟ್ಟು ಬೇರೆ ಫೋಟೊದವರನ್ನು ಕರೆದರೆ ಮುಖ ತೋರಿಸುವುದು ಹೇಗೆ? ಆ ವರ್ಷ ಆ ಒಂದೇ ಊರಿಂದ ಐದು ಮದುವೆ ಬಂದವು.

ಈಗ ಅವರು ಹದಿನಾಲ್ಕು ಊರುಗಳಲ್ಲಿ ಹದಿನಾಲ್ಕು ಮಕ್ಕಳ ಜ್ಞಾನತಾಯಿ. ವರ್ಷಕ್ಕೆ ಮೂವತ್ತೆಂಟು ಮದುವೆ, ಜ್ಞಾನಸ್ನಾನ ಸಿಕ್ಕರೆ ಇಪ್ಪತ್ತೊಂಬತ್ತು ಆ ಊರುಗಳದ್ದೇ. ಈಸ್ಟರ್ ಬಂದರೆ ಹದಿನಾಲ್ಕು ಮೇಣದ ಬತ್ತಿ, ಹದಿನಾಲ್ಕು ಜೊತೆ ಹೊಸ ಬೂಟು ಹೊತ್ತು ಬೆಟ್ಟ ಸುತ್ತಬೇಕು. ತಾವೇ ಜ್ಞಾನತಾಯಿಯಾಗಿ ನಿಂತ ದಿನ ಕೈಯಲ್ಲಿ ಮಗು ಇರುತ್ತದೆ, ಕ್ಯಾಮೆರಾ ಹಿಡಿಯುವ ಹಾಗಿಲ್ಲ. ಆಗ ರೆಥಿಮ್ನೊ ಪಟ್ಟಣದಿಂದ ಇನ್ನೊಬ್ಬ ಫೋಟೊದವನನ್ನು ಕರೆಸಬೇಕು.

"ನನ್ನ ಗಿರಾಕಿ ಮನೇಲಿ, ನನ್ನ ಎದುರಿಗೇ, ನನ್ನ ಕೆಲಸ ಅವನು ಮಾಡ್ತಾನೆ," ಎನ್ನುವಾಗ ಗರಿಫಾಲಿಯಾ ಕಣ್ಣು ಮೇಲಕ್ಕೆತ್ತುತ್ತಾರೆ. "ಅದೂ ಸಾಲದು ಅಂತ ಒಬ್ಬ ತಾಯಿ ಬಂದು, ಸಿಂತೆಕ್ನಿ, ಅವನು ತೆಗೆದಿದ್ರಲ್ಲಿ ನೀನು ಸ್ವಲ್ಪ ತೆಳ್ಳಗೆ ಕಾಣ್ತೀಯ ಅಂದ್ಳು."

ಹದಿನಾಲ್ಕೂ ಗಂಡುಮಕ್ಕಳೇ. ಇದು ತಾನಾಗಿ ಆದದ್ದಲ್ಲ. ಒಬ್ಬರೇ ಎಣ್ಣೆ ಹಚ್ಚಿ ಹೆಸರಿಟ್ಟ ಮಕ್ಕಳು ಅಣ್ಣತಂಗಿಯರ ಲೆಕ್ಕ, ಅವರವರಲ್ಲಿ ಮದುವೆ ಕೂಡದು. ಮೊದಲನೆಯದು ಗಂಡಾದರೆ ಆಮೇಲೆಲ್ಲ ಗಂಡೇ ಇರಲಿ, ಹೆಣ್ಣಾದರೆ ಹೆಣ್ಣೇ ಇರಲಿ ಎಂದು ತಿಳಿದವರು ಎಚ್ಚರ ವಹಿಸುತ್ತಾರೆ. ಇಪ್ಪತ್ತಾರು ವರ್ಷ ಗರಿಫಾಲಿಯಾ ಈ ಎಚ್ಚರ ತಪ್ಪಿಲ್ಲ.

ಬಿಸಿಲು ರೊಪ್ಪಕ್ಕೆ ಇಳಿಯುವ ಹೊತ್ತಿಗೆ ಯಜಮಾನ ಮಿರೋನಸ್ ಕೈಗಂಟಿದ ಜಿಡ್ಡನ್ನು ಷರಾಯಿಗೆ ಒರೆಸುತ್ತ ಗೋಡೆಯ ಹತ್ತಿರ ಬರುತ್ತಾರೆ. ಸೆಪ್ಟೆಂಬರಿನಲ್ಲಿ ಅವರ ಮಗಳ ಮದುವೆ. ಸಾವಿರದ ಇನ್ನೂರು ಜನ ಸೇರುತ್ತಾರೆ. ಅಲ್ಲಿ ಕ್ಯಾಮೆರಾ ಹಿಡಿದವರಿಗೆ ಮೇಲಿನ ಊರುಗಳ ಬಾಗಿಲೆಲ್ಲ ತೆರೆದ ಹಾಗೆ, ಹಿಡಿಯದವರಿಗೆ ಮುಚ್ಚಿದ ಹಾಗೆ. ಈ ಮನೆಗೆ ಗರಿಫಾಲಿಯಾ ನಾಲ್ಕು ವರ್ಷದಿಂದ ಕಾಫಿಗೆ ಬರುತ್ತಿದ್ದಾರೆ.

"ಗರಿಫಾಲಿಯಾ, ನಮ್ಮ ಮಗನ ಪಾಪು ಇದೆಯಲ್ಲ, ಎಂಟು ತಿಂಗಳು ತುಂಬ್ತು. ಅದಕ್ಕೆ ನೀನೇ ಎಣ್ಣೆ ಹಚ್ಬೇಕು. ಮನೇಲಿ ಎಲ್ರೂ ಮಾತಾಡಿ ಆಯ್ತು."

"ಮಿರೋನಣ್ಣ, ಪಾಪು ಹೆಣ್ಣಲ್ವಾ?"

"ಹೆಣ್ಣೇ. ಯಾಕೆ, ಹೆಣ್ಣಿಗೆ ಎಣ್ಣೆ ಹತ್ತಲ್ವಾ?"

ಸುತ್ತಲಿದ್ದವರು ನಗುತ್ತಾರೆ. ಗರಿಫಾಲಿಯಾ ನಗುವುದಿಲ್ಲ. ಜ್ಞಾನತಾಯಿಯಾಗು ಎಂದು ಕೇಳಿದವರಿಗೆ ಇಲ್ಲ ಎನ್ನುವುದು ಈ ಬೆಟ್ಟದಲ್ಲಿ ದೊಡ್ಡ ಅವಮಾನ. ಇಲ್ಲ ಎಂದರೆ ಸೆಪ್ಟೆಂಬರಿನ ಮದುವೆ ಹೋಯಿತು, ಅದರ ಹಿಂದೆ ಮೇಲಿನ ಊರುಗಳೂ ಹೋದವು. ಹೂಂ ಎಂದರೆ ಹದಿನಾಲ್ಕು ಮನೆಯ ಹುಡುಗರಿಗೆ ಆ ಕೂಸು ತಂಗಿಯಾಗಿಬಿಡುತ್ತದೆ. ಆ ತಾಯಂದಿರಿಗೆ ಏನು ಹೇಳುವುದು?

"ಒಂದು ವಾರ ಕೊಡಿ, ಅಣ್ಣ," ಎನ್ನುತ್ತಾರೆ.

"ಒಂದು ಹೂಂ ಅನ್ನೋಕೆ ವಾರ ಬೇಕಾ? ಇರ್ಲಿ, ಭಾನುವಾರ ಬಾ."

ದೊಡ್ಡ ಹುಡುಗರ ಚಿಂತೆಯಿಲ್ಲ. ಒಬ್ಬನಿಗೆ ಮದುವೆಯಾಗಿದೆ, ಒಬ್ಬ ಮಠ ಸೇರಿದ್ದಾನೆ, ಇನ್ನುಳಿದವರಿಗೆ ಮೀಸೆ ಬಂದಿದೆ. ಹತ್ತರೊಳಗಿನವರು ಆರು ಜನ. ಆ ಆರು ತಾಯಂದಿರು 'ನಮ್ಮದೇನೂ ಅಡ್ಡಿಯಿಲ್ಲ' ಎಂದುಬಿಟ್ಟರೆ ಹೂಂ ಎನ್ನಬಹುದು. ಮೂರು ವರ್ಷದ ಮಕ್ಕಳ ಮದುವೆಯ ಯೋಚನೆ ಯಾರು ಮಾಡುತ್ತಾರೆ ಎಂಬ ಧೈರ್ಯದಲ್ಲಿ ಗರಿಫಾಲಿಯಾ ಸೋಮವಾರ ಕಾರು ಹತ್ತುತ್ತಾರೆ.

ಮೊದಲ ಮನೆ ಪೆಲಾಗಿಯಾ ಅವರದು. ಮಗ ಸ್ತ್ರಾತಿಸ್ ಹೊಸ್ತಿಲ ಮೇಲೆ ಕೂತು ಕೋಳಿಯ ರೆಕ್ಕೆ ಎಳೆಯುತ್ತಿದ್ದಾನೆ. ವಿಷಯ ಕೇಳಿದ ಪೆಲಾಗಿಯಾ ಒಲೆಯ ಉರಿ ಆರಿಸಿ ಬಂದು ಎದುರಿಗೆ ಕೂರುತ್ತಾರೆ.

"ಯಾವ ಮಿರೋನಸ್? ಪ್ರಿನಾರಿಯ ಮಿರೋನಸ್ಸಾ? ನಾನೂರು ಕುರಿ ಇರೋರಾ?"

"ಅವರೇ ಕಣೇ. ಇವನಿಗಿನ್ನೂ ಮೂಗು ಒರೆಸ್ಕೊಳ್ಳೋಕೆ ಬರಲ್ಲ, ಪೆಲಾಗಿಯಾ."

"ಇವತ್ತು ಬರಲ್ಲ. ನಾಳೆ ಬರುತ್ತೆ. ಬೇಡ ಸಿಂತೆಕ್ನಿ, ಬೇಡ. ಆ ಎಣ್ಣೆ ಮುಟ್ಬೇಡ ನೀನು. ಅಂಥ ಮನೆ ಬಾಗಿಲು ನನ್ನ ಮಗನಿಗೆ ನೀನೇ ಮುಚ್ತೀಯಾ?"

ಎರಡನೆಯ ಮನೆಯ ಥೆಕ್ಲಾ ಇನ್ನೂ ಮುಂದೆ ಹೋಗುತ್ತಾರೆ. ಅವರ ಮಗನಿಗೆ ಒಂಬತ್ತು, ಹುಡುಗಿಗೆ ಇಪ್ಪತ್ತಾಗುವಾಗ ಇಪ್ಪತ್ತೆಂಟು, "ಒಳ್ಳೇ ಜೋಡಿ" ಎಂದು ಬೆರಳು ಮಡಚಿ ತೋರಿಸುತ್ತಾರೆ. ಹುಡುಗಿ ಯಾರ ಹೋಲಿಕೆ, ಅಜ್ಜನ ಮೂಗು ಬಂದಿದೆಯೋ ಹೇಗೆ ಎಂದೂ ವಿಚಾರಿಸುತ್ತಾರೆ. ಮೂರನೆಯ ಮನೆ, ನಾಲ್ಕನೆಯ ಮನೆ, ಎಲ್ಲೆಡೆ ಅದೇ. ಆರೂ ಮನೆಯಲ್ಲಿ ಹನ್ನೆರಡು ಕಾಫಿ ಕುಡಿದು, ಬ್ರೆಡ್ಡು, ಗಿಣ್ಣು ತಿಂದು, ಇನ್ನೂರ ಹತ್ತು ಕಿಲೋಮೀಟರು ಓಡಿಸಿ ಗರಿಫಾಲಿಯಾ ಹೊತ್ತು ತಂದದ್ದು ಆರು 'ಬೇಡ'.

"ನನ್ನ ಹಣೆಬರಹ ನೋಡಿ," ಎಂದು ಅಂಗಡಿಯ ಮುಂದೆ ಕಾರಿನ ಬಾಗಿಲು ದಢಾರನೆ ಹಾಕುತ್ತಾರೆ. "ಫೋಟೊ ತೆಗಿಯೋಕೆ ಅಂತ ಹೊರಟೋಳು ನಾನು. ಈಗ ಮೂಗು ಸೋರೋ ಮಕ್ಕಳ ಮದುವೆ ದಲ್ಲಾಳಿ ಆಗಿದೀನಿ. ಒಬ್ಬಳಾದ್ರೂ ಆಗಲಿ ಬಿಡು ಅನ್ನಬಾರ್ದಾ?"

ಭಾನುವಾರ ಪೂಜೆ ಮುಗಿದ ಮೇಲೆ ಮಿರೋನಸ್ ಅವರ ಅಂಗಳ. ಮಲ್ಬೆರಿ ಮರದ ಕೆಳಗೆ ಮೇಜು, ಅದರ ಮೇಲೆ ಸಾರಾಯಿ ಸೀಸೆ, ಸಣ್ಣ ಲೋಟಗಳು. ಮನೆಮಂದಿಯೆಲ್ಲ ಹೂಂ ಎಂಬ ಮಾತಿಗೆ ಕಾದಿದ್ದಾರೆ. ದಾರಿಯುದ್ದಕ್ಕೂ ಗರಿಫಾಲಿಯಾ ಮೂರು ಸುಳ್ಳು ಹೊಂದಿಸಿಕೊಂಡು ಬಂದಿದ್ದರು. ಆರೋಗ್ಯ ಸರಿಯಿಲ್ಲ, ವ್ರತವಿದೆ, ಮನೆಯಲ್ಲಿ ಬೇಡ ಎಂದರು. ಕೂತ ಮೇಲೆ ಮೂರೂ ನಾಲಿಗೆಗೆ ಬರುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಾರೆ.

"ಮಿರೋನಣ್ಣ, ನನ್ನ ಕೈಲಿ ಆಗಲ್ಲ. ಆರು ಮನೆಗೆ ಹೋಗಿ ಕೇಳ್ದೆ. ಆರೂ ಜನ ಬೇಡ ಅಂದ್ರು."

ಮಿರೋನಸ್ ಲೋಟ ಕೆಳಗಿಡುತ್ತಾರೆ. "ನನ್ನ ಮೊಮ್ಮಗಳನ್ನ ಬೇಡ ಅನ್ನೋಕೆ ಅವರ್ಯಾರು?"

"ಬೇಡ ಅಂದದ್ದು ಪಾಪೂನಲ್ಲ, ನನ್ನ ಎಣ್ಣೇನ. ಅವರಿಗೆ ಪಾಪು ಬೇಕು. ತಂಗಿಯಾಗಿ ಅಲ್ಲ, ಸೊಸೆಯಾಗಿ. ನಾನು ಎಣ್ಣೆ ಹಚ್ಚಿದ್ರೆ ಆರು ಮನೆ ಬಾಗಿಲು ಮುಚ್ಚಿದ ಹಾಗಾಗುತ್ತೆ."

ಮಿರೋನಸ್ ಸೊಸೆಯ ತೊಡೆಯ ಮೇಲಿನ ಕೂಸನ್ನು ಹೊಸದಾಗಿ ನೋಡುವವರಂತೆ ನೋಡುತ್ತಾರೆ. ಅದು ಚಮಚ ಕಚ್ಚುತ್ತಿದೆ.

"ಆರು ಮನೆ?"

"ಆರು."

"ಆ ಪೆಲಾಗಿಯಾನೂ ಕೇಳಿದ್ಲಾ? ಅವಳ ಮಾವ ನಮ್ಮಪ್ಪನ ಹತ್ರ ಮೇವಿನ ಜಾಗಕ್ಕೆ ಜಗಳ ಆಡಿದ್ದ."

"ಮೊದಲು ಕೇಳಿದ್ದೇ ಅವಳು."

ಮಿರೋನಸ್ ಮೀಸೆಗೆ ಕೈ ಹಾಕುತ್ತಾರೆ. ಮೀಸೆಯ ಕೆಳಗೆ ನಗು ತುಂಬಿ ಬರುತ್ತದೆ. "ಕೇಳಿದ್ರೇನೇ?" ಎಂದು ಅಡುಗೆಮನೆಯ ಕಡೆ ಕೂಗುತ್ತಾರೆ. "ಇನ್ನೂ ಹಲ್ಲು ಹುಟ್ಟಿಲ್ಲ, ಆರು ಮನೆಯಿಂದ ಕೇಳ್ತಿದಾರೆ! ಒಳ್ಳೇ ಗಿಣ್ಣು ತಗೊಂಡು ಬಾ!" ಆಮೇಲೆ ಗರಿಫಾಲಿಯಾ ಕಡೆ ತಿರುಗಿ, "ನೀನು ಎಣ್ಣೆ ಮುಟ್ಲೇಬೇಡ. ನಮ್ಮ ಬಾಮೈದ ಹಚ್ತಾನೆ. ನೀನು ಫೋಟೊ ತೆಗಿ," ಎನ್ನುತ್ತಾರೆ.

"ಸೆಪ್ಟೆಂಬರ್ ಮದುವೆ?"

"ಅದಕ್ಕೆ ಬೇರೆ ಯಾರ್ನಾದ್ರೂ ಕರೀತೀನಿ ಅಂದ್ನಾ ನಾನು? ಏನು ಹೆಂಗಸಮ್ಮ ನೀನು, ಎಲ್ಲಾನೂ ಬಾಯಿಬಿಟ್ಟು ಹೇಳಿಸ್ತೀಯ!"

ಗರಿಫಾಲಿಯಾ ಅವರಿಗೆ ನೆಮ್ಮದಿ ಸಿಕ್ಕಿದ್ದು ಒಂದು ರಾತ್ರಿಗೆ ಮಾತ್ರ. ಸೋಮವಾರ ಬೆಳಿಗ್ಗೆಯಿಂದ ಫೋನು. ಮಿರೋನಸ್ ಕಾಫಿ ಅಂಗಡಿಯಲ್ಲಿ ಆರೂ ಮನೆಯ ಹೆಸರು ಹೇಳಿಬಿಟ್ಟಿದ್ದಾರೆ. ನಮ್ಮ ಹೆಸರು ಯಾಕೆ ಹೇಳಿದೆ ಎಂದು ಥೆಕ್ಲಾ ಜಗಳ. ಪೆಲಾಗಿಯಾ ಅವರದು ಇನ್ನೊಂದು ಕೋರಿಕೆ. ಜ್ಞಾನಸ್ನಾನದ ದಿನ ಹೇಗೂ ನೀನು ಫೋಟೊ ತೆಗೀತೀಯ, ಸ್ತ್ರಾತಿಸ್‌ನನ್ನು ಆ ಹುಡುಗಿಯ ಪಕ್ಕದಲ್ಲಿ ಒಂದು ಸಲ ನಿಲ್ಲಿಸು, ಯಾರಿಗೂ ಗೊತ್ತಾಗದ ಹಾಗೆ.

ಜುಲೈ ಕೊನೆಯ ಶನಿವಾರ ಪ್ರಿನಾರಿಯ ಚರ್ಚು. ಫೋನು ಎತ್ತಿ ಹಿಡಿದ ಮೂವರು ಚಿಕ್ಕಪ್ಪಂದಿರನ್ನು ಗರಿಫಾಲಿಯಾ ಮೊಣಕೈಯಿಂದ ಪಕ್ಕಕ್ಕೆ ಸರಿಸುತ್ತಾರೆ. "ನಿನ್ನ ತಲೆ ತೆಗಿಯೋ ಮಾರಾಯ, ಪಾದ್ರಿಗಳ ಗಡ್ಡ ಕಾಣ್ತಿಲ್ಲ!" ಬಾಮೈದ ಎಣ್ಣೆ ಸವರುತ್ತಾನೆ. ಪಾದ್ರಿಗಳು ಮಗುವನ್ನು ಮೂರು ಸಲ ನೀರಿನಲ್ಲಿ ಮುಳುಗಿಸಿ ಎತ್ತುತ್ತಾರೆ. ಮೂರನೆಯ ಸಲ ಅದು ಬಾಯಿ ತುಂಬ ಕಿರುಚಿ, ಒದ್ದೆ ಮುಷ್ಟಿಯಲ್ಲಿ ಪಾದ್ರಿಗಳ ಗಡ್ಡ ಹಿಡಿದು ಜಗ್ಗುತ್ತದೆ. ಕಿಟಕಿಯ ಬೆಳಕು ಸರಿಯಾಗಿ ಅಲ್ಲೇ ಬಿದ್ದಿದೆ. ಗರಿಫಾಲಿಯಾ ಎರಡು ಕೈಯಲ್ಲೂ ಕ್ಯಾಮೆರಾ ಹಿಡಿದು, ಉಸಿರು ಬಿಗಿಹಿಡಿದು ಒತ್ತುತ್ತಾರೆ.

ಹೊರಗೆ ಬಂದು, ಚರ್ಚಿನ ಗೋಡೆಯ ನೆರಳಲ್ಲಿ ನಿಂತು, ಕ್ಯಾಮೆರಾದ ಹಿಂಬದಿಯ ಪುಟ್ಟ ಪರದೆಯಲ್ಲಿ ಆ ಚಿತ್ರ ನೋಡುತ್ತಾರೆ. ಆ ಕಡೆಯಿಂದ ಪೆಲಾಗಿಯಾ ಮಗನನ್ನು ಎಳೆದುಕೊಂಡು ಬರುತ್ತಿದ್ದಾರೆ, ಈ ಕಡೆಯಿಂದ ಯಾರೋ "ಸಿಂತೆಕ್ನಿ, ಒಂದು ಕಾಫಿಗೆ ಬಾ" ಎನ್ನುತ್ತಿದ್ದಾರೆ. ಗರಿಫಾಲಿಯಾ ತಲೆ ಎತ್ತುವುದಿಲ್ಲ.

"ಈ ಹುಡುಗಿಗೆ ನಾನು ಏನೂ ಆಗಬೇಕಿಲ್ಲ, ಬರೀ ಫೋಟೊದವಳು," ಎನ್ನುತ್ತಾರೆ. "ನೋಡಿ, ಎಷ್ಟು ಚೆನ್ನಾಗಿ ಬಂದಿದೆ."