ಪಾಮಾಯಿಲ್ ಸುಂಕಕ್ಕೆ ನಾನು ಬರೆದ ಮನವಿ

ನನ್ನ ಅಕ್ಷರ ದುಂಡಗಿದೆ ಎಂಬುದೇ ನನಗೆ ಮುಳುವಾಯಿತು. ಬಾಗೂರಿನ ನಮ್ಮ ಮನೆಯಲ್ಲಿ ತೆಂಗು ಬೆಳೆಗಾರರೆಲ್ಲ ಸಭೆ ಸೇರಿದ್ದ ದಿನ ನಮ್ಮ ಯಜಮಾನರು ಹಾಳೆ ತಂದು ನನ್ನ ಮುಂದಿಟ್ಟರು. "ನೀನೇ ಬರಿಯೇ, ನಮ್ ಬರವಣಿಗೆ ತಾಲ್ಲೂಕಾಫೀಸಲ್ಲಿ ಯಾರಿಗೂ ಓದಕ್ಕಾಗಲ್ಲ" ಎಂದರು. ಹೊರದೇಶದಿಂದ ಬರುವ ಪಾಮಾಯಿಲ್ ಮೇಲೆ ಸುಂಕ ಏರಿಸಬೇಕು, ಆಗ ನಮ್ಮ ಕೊಬ್ಬರಿಗೆ ಬೆಲೆ ಬರುತ್ತದೆ ಎಂಬುದು ಮನವಿಯ ಸಾರ. ನಾನೂ ಹುರುಪಿನಿಂದಲೇ ಬರೆದೆ. ದೇಶದ ಹಿತ, ರೈತನೇ ಬೆನ್ನೆಲುಬು ಅಂತೆಲ್ಲ ನನ್ನದೇ ಒಗ್ಗರಣೆ ಬೇರೆ. ಬರೆದದ್ದನ್ನು ಸಭೆಗೆ ಗಟ್ಟಿಯಾಗಿ ಓದಿ ಹೇಳಿದೆ, ಎಲ್ಲರೂ ಭೇಷ್ ಎಂದರು.

ಸಹಿಗಳು ಸಾಲದಾದವು. ಅಂಗಳದಲ್ಲಿ ಕೊಬ್ಬರಿ ಸುಲಿಯುತ್ತಿದ್ದ ಹೆಂಗಸರ ಹತ್ತಿರ ಹಾಳೆ ಹಿಡಿದು ಹೋದವಳೂ ನಾನೇ. ನಮ್ಮಲ್ಲಿ ಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಮ್ಮಿ ವರ್ಷ ಬಿಡುತ್ತೇವೆ. ಒಳಗಿನ ನೀರು ಇಂಗಿ ಕೊಬ್ಬರಿ ಗಡಗಡ ಎನ್ನತೊಡಗಿದ ಮೇಲೆ ಇಳಿಸಿ, ಉಂಡೆ ಒಡೆಯದ ಹಾಗೆ ಚಿಪ್ಪು ಬಿಡಿಸಬೇಕು. ಆ ಕೆಲಸದಲ್ಲಿ ಒಬ್ಬಾಕೆಯ ಕೈಗೆ ಸಾಟಿಯೇ ಇಲ್ಲ. ಹಗಲು ನಮ್ಮಲ್ಲಿ ಕೂಲಿ, ಸಂಜೆ ಬಸ್ ನಿಲ್ಲುವ ಕಡೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ವ್ಯಾಪಾರ. "ಎಲ್ ಹಾಕ್ಲಿ ಅಕ್ಕಾರೇ?" ಎಂದು ಸೆರಗಿಗೆ ಕೈ ಒರೆಸಿಕೊಂಡು ಮೊದಲು ಸಹಿ ಹಾಕಿದವಳು ಅವಳೇ.

ಕೆಲವು ತಿಂಗಳ ಮೇಲೆ ಸುಂಕ ಏರಿತು. ನಮ್ಮ ಮನವಿಯಿಂದಲೇ ಏರಿತೆಂದು ಯಜಮಾನರು ಮೀಸೆ ತಿರುವಿದರು. ದೆಹಲಿಯವರು ಅದನ್ನು ಓದಿದರೋ ಇಲ್ಲವೋ, ಶಿವನೇ ಬಲ್ಲ.

ಆಮೇಲೊಂದು ಸಂಜೆ ಹೊಸದುರ್ಗದಿಂದ ಬಂದು ಬಸ್ಸಿಳಿದವಳು ಬಜ್ಜಿ ಕಟ್ಟಿಸಿಕೊಳ್ಳಲು ಅವಳ ಹತ್ತಿರ ಹೋದೆ. ಬಜ್ಜಿ ಸಣ್ಣಗಾಗಿದ್ದವು.

"ಏನೇ ಇದು, ಮೆಣಸಿನಕಾಯಿ ಸೊರಗಿದಾವೋ, ನೀನು ಜಿಪುಣಿ ಆಗಿದ್ಯೋ?" ಎಂದು ಕಾಲೆಳೆದೆ.

ಅವಳು ನಗಲಿಲ್ಲ. "ಪಾಮಾಯಿಲ್ ರೇಟ್ ಏರೈತೆ ಅಕ್ಕಾರೇ. ನಾನು ಬಜ್ಜಿ ರೇಟ್ ಏರ್ಸಿದ್ರೆ ಯಾರು ತಿಂತಾರೆ? ಕೂಲಿ ಮುಗ್ಸಿ ಬರೋ ನಮ್ಮಂಥೋರೆ ಅಲ್ವಾ ಬರೋದು? ಹಿಂಗೇ ಆದ್ರೆ ಬಾಣ್ಲಿ ಬೋರಲು ಹಾಕೋದೆಯ. ಹಗಲೆಲ್ಲ ನಿಮ್ ಕೆಲ್ಸ. ಇದೊಂದೇ ನನ್ ಸ್ವಂತದ್ದು."

ನನ್ನದೊಂದು ಕೆಟ್ಟ ಚಾಳಿ, ತಲೆಯೊಳಗೆ ಹುಳ ಹೊಕ್ಕರೆ ಸುಮ್ಮನೆ ಕೂರಲಾರೆ. ಈ ಸುಂಕ ಕಟ್ಟುವವರು ಯಾರು ಹಾಗಾದರೆ? ಯಜಮಾನರನ್ನು ಕೇಳಿದೆ. "ಹೊರದೇಶದೋರು ಕಟ್ತಾರೆ ಕಣೇ, ನಿನಗ್ಯಾಕೆ ಅದೆಲ್ಲ?" ಎಂದರು. ಕಿರಾಣಿ ಅಂಗಡಿಯವರನ್ನು ಕೇಳಿದರೆ ಅವರು ನಕ್ಕೇ ಬಿಟ್ಟರು.

"ಅವ್ರ್ಯಾಕೆ ಕಟ್ತಾರೆ ತಾಯಿ? ತರ್ಸೋ ವ್ಯಾಪಾರಿ ಕಟ್ತಾನೆ. ಅವನು ನಮ್ ಮೇಲೆ ಹಾಕ್ತಾನೆ, ನಾನು ಅಗೋ, ಅವ್ರ ಮೇಲೆ ಹಾಕ್ತೀನಿ."

ಅವರು ಕೈ ತೋರಿಸಿದ ಕಡೆ ಎಣ್ಣೆ ಪಾಕೀಟಿಗೆ ನಿಂತಿದ್ದವರೆಲ್ಲ ಹೆಂಗಸರು. ಸಕ್ಕರೆ ಕಟ್ಟಿಸಿಕೊಳ್ಳುವ ನೆಪದಲ್ಲಿ ಅಲ್ಲೇ ಅರ್ಧ ಗಂಟೆ ನಿಂತು ನೋಡಿದೆ. ಗಂಡಸರು ಬೀಡಿಗೆ ಬಂದರು, ಒಬ್ಬನಾದರೂ ಎಣ್ಣೆಗೆ ಬರಲಿಲ್ಲ. ನಮ್ಮ ಮನೆಯಲ್ಲಿ ಬಳಸುವುದು ನಮ್ಮ ಹೊಲದ ಶೇಂಗಾ ಗಾಣಕ್ಕೆ ಕೊಟ್ಟು ತೆಗೆಸಿದ ಎಣ್ಣೆ. ನಾನು ಕೇಳಿ ಏರಿಸಿಕೊಂಡ ಸುಂಕ ನನ್ನ ಒಲೆಯ ಹತ್ತಿರಕ್ಕೂ ಸುಳಿದಿರಲಿಲ್ಲ. ಕೊಬ್ಬರಿಗೇನೋ ಬೆಲೆ ಬಂದಿತ್ತು. ಅದು ಸುಂಕದಿಂದಲೋ ಕಾಯಿ ಕಮ್ಮಿಯಾಗಿ ಬಂದದ್ದೋ, ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಸುಲಿಯುವ ಕೂಲಿ ಮಾತ್ರ ಇದ್ದಲ್ಲೇ ಇತ್ತು. ಏರಿಸಬೇಕೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಥೂ, ಎನ್ನಿಸಿತು.

ಸುಂಕ ಇಳಿಸುತ್ತಾರಂತೆ ಎಂಬ ಸುದ್ದಿ ಬಂದದ್ದೇ ತಡ, ಮತ್ತೆ ಸಭೆ, ಮತ್ತೆ ಹಾಳೆ. ಇಳಿಸಕೂಡದು ಎಂದು ಬರೆಯಬೇಕಂತೆ. ಗೊಣಗಿಕೊಂಡೇ ಬರೆದೆ. ಆದರೆ ಈ ಸಲ ಅಂಗಳಕ್ಕೆ ಹೋಗಿ ಅವಳೆದುರು ಕುಳಿತು ಒಂದೊಂದು ಸಾಲನ್ನೂ ಓದಿದೆ.

"ಇದಕ್ಕೆ ಸೈನ್ ಹಾಕಿದ್ರೆ ನಿನ್ ಎಣ್ಣೆ ರೇಟ್ ಇಳಿಯಲ್ಲ ಕಣಮ್ಮ. ಹೋದ್ಸಲ ನಿನಗೆ ತಿಳಿಸ್ದೆ ಹಾಕಿಸ್ಕಂಡೆ, ತಪ್ಪಾತು" ಎಂದೆ. ಹೇಳಿದ ಮೇಲೆ ಎದೆಯ ಭಾರ ಇಳಿದಂತಾಯಿತು.

ಅವಳು ಮಚ್ಚು ಕೆಳಗಿಟ್ಟು ನನ್ನನ್ನೇ ನೋಡಿದಳು. "ಆವತ್ತು ಸಭೇಲಿ ನೀವು ಓದಿದ್ದು ನನಗೂ ಕೇಳುಸ್ತು ಅಕ್ಕಾರೇ. ಅಂಗ್ಡೀಲಿ ದಿನಾ ಎಣ್ಣೆ ತರೋಳು ನಾನು, ಅಷ್ಟು ತಿಳಿಯಲ್ವಾ?"

"ಮತ್ಯಾಕೆ ಹಾಕ್ದೆ?"

"ಹಾಕ್ಲಿಲ್ಲ ಅಂದಿದ್ರೆ ಮಾರ್ನೇ ದಿನ ಕೆಲ್ಸಕ್ಕೆ ಕರೀತಿದ್ರಾ?"

ಕರೆಯುತ್ತಿದ್ದೆವು ಎನ್ನಲು ಬಾಯಿ ತೆರೆದೆ. ಅಟ್ಟದ ಏಣಿಯ ಹತ್ತಿರ ನಿಂತು ನಮ್ಮನ್ನೇ ನೋಡುತ್ತಿದ್ದ ಯಜಮಾನರ ಮುಖ ಕಣ್ಣಿಗೆ ಬಿತ್ತು. ಅವಳು ಇನ್ನೊಂದು ಗಳಿಗೆ ಕಾದಳು, ಆಮೇಲೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು.